ಕರಗಿದ ಹುಲ್ಲು

"ಇದನ್ನ ಯಾರು ಸುಟ್ಟಿದ್ದು?"

ಅಪ್ಪ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಅವರ ಬೆರಳಿನ ಕೆಳಗೆ ಪ್ಲಾಸ್ಟಿಕ್ ಹುಲ್ಲು ಸುರುಟಿ, ಗಂಟುಗಂಟಾಗಿ, ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅಂಥ ಕಲೆ ಒಂದಲ್ಲ, ನಾಲ್ಕು. ಆ ಹುಲ್ಲು ಹಾಸಿ ಇನ್ನೂ ವರ್ಷ ಆಗಿರಲಿಲ್ಲ. ಅಪ್ಪ ಪ್ರತಿ ಭಾನುವಾರ ಅದನ್ನು ಬ್ರಷ್‌ನಿಂದ ಬಾಚುತ್ತಿದ್ದರು. ಮಗಳ ತಲೆಯನ್ನು ಒಂದು ದಿನವೂ ಬಾಚಿದವರಲ್ಲ!

"ನೀನಾ?"

"ಅಲ್ಲಪ್ಪಾ, ನಾನಲ್ಲ," ಅಂದಳು ಗುಬ್ಬಿ.

"ಮತ್ತೆ ಯಾರು? ದಿನಾ ಇಲ್ಲಿ ಆಡೋದು ನೀನು, ಆ ಪಕ್ಕದ ಮನೆಯವನು, ಇಬ್ಬರೇ. ಸುಳ್ಳು ಹೇಳಿದ್ರೆ ನೋಡು!"

ಅಪ್ಪ ಹೊಡೆಯುವವರಲ್ಲ, ಕೆಕ್ಕರಿಸಿ ಕಣ್ಣು ಬಿಡುವವರು. ಅವರು ಹಾಗೆ ಕಣ್ಣು ಬಿಟ್ಟರೆ ಗುಬ್ಬಿಗೆ ಹೇಗಾದರೂ ತಪ್ಪಿಸಿಕೊಂಡರೆ ಸಾಕು ಅನ್ನಿಸುತ್ತಿತ್ತು.

ಪಕ್ಕದ ಮನೆಯವನು ಅವಳ ಕ್ಲಾಸಿನವನೇ. ಕಡ್ಡಿಯಂಥ ಕೈಕಾಲು ನೋಡಿ ಎಲ್ಲರೂ ಅವನನ್ನು ಸೊಳ್ಳೆ ಎಂದು ಕರೆಯುತ್ತಿದ್ದರು. ಹೋದ ವಾರ ಅವನು ಕಾಂಪೌಂಡ್ ಗೋಡೆಯ ಮೇಲೆ ಒಣ ಎಲೆ ಇಟ್ಟು, ಭೂತಗನ್ನಡಿ ಹಿಡಿದು ಹೊಗೆ ಬರಿಸಿದ್ದ. ಗುಬ್ಬಿ ಚಪ್ಪಾಳೆ ತಟ್ಟಿದ್ದಳು.

"ಸೊಳ್ಳೆ ಹತ್ರ ಭೂತಗನ್ನಡಿ ಇದೆ," ಅವಳ ಬಾಯಿಂದ ಮಾತು ಜಾರಿತು. "ಅದ್ರಲ್ಲಿ ಎಲೆ ಸುಟ್ಟಿದ್ದ."

"ಹುಲ್ಲೂ ಸುಟ್ಟನಾ? ನೀನು ನೋಡಿದ್ಯಾ?"

ಅವಳು ನೋಡಿರಲಿಲ್ಲ. ಆದರೆ ಅಪ್ಪನ ಕಣ್ಣು ಅವಳ ಮೇಲೇ ಇತ್ತು.

"ಹ್ಞೂಂ."

ಅಪ್ಪ ಎದ್ದು ಪಕ್ಕದ ಮನೆಯ ಕಡೆ ನಡೆದರು. ಗುಬ್ಬಿ ಉಸಿರು ಬಿಟ್ಟಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸಂತೆ. ಆ ದೊಣ್ಣೆ ಆಮೇಲೆ ಯಾರ ಬೆನ್ನ ಮೇಲೆ ಬೀಳುತ್ತದೆ ಅಂತ ಗಾದೆ ಹೇಳುವುದಿಲ್ಲ.

ಸೊಳ್ಳೆಯ ಅಪ್ಪ ಲಾರಿ ಡ್ರೈವರ್. ಆಗಷ್ಟೇ ಮನೆಗೆ ಬಂದಿದ್ದರು. ಗೇಟಿನಲ್ಲಿ ನಿಂತು ದೂರು ಕೇಳಿದವರು ಒಳಗೂ ಹೋಗಲಿಲ್ಲ. ಮಗನನ್ನು ಹೊರಗೆ ಕರೆದು, ಅಲ್ಲೇ ಸೊಂಟದ ಬೆಲ್ಟ್ ಬಿಚ್ಚಿದರು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

"ನಾನಲ್ಲಪ್ಪಾ! ನಾನಲ್ಲ! ಪ್ಲೀಸ್, ನಾನಲ್ಲ!"

ಗುಬ್ಬಿ ಕಿಟಕಿಯ ಪರದೆಯ ಹಿಂದೆ ಎರಡೂ ಕಿವಿ ಮುಚ್ಚಿಕೊಂಡಳು. ಆದರೂ ಕೇಳಿಸಿತು.

ಏಳನೆಯದೋ ಎಂಟನೆಯದೋ ಏಟು ಬಿದ್ದಾಗ ಸೊಳ್ಳೆ ಕಿರುಚಿದ. "ಹೌದು, ನಾನೇ! ನಾನೇ ಸುಟ್ಟೆ!"

ಏಟು ನಿಂತಿತು.

ಗುಬ್ಬಿ ಕಿವಿಯಿಂದ ಕೈ ತೆಗೆದಳು. ಹಾಗಾದರೆ ಅವನೇ! ಅಂದ ಮೇಲೆ ತಾನು ಹೇಳಿದ್ದು ಸುಳ್ಳೇ ಅಲ್ಲ. ಹೇಗೋ ಸರಿಯಾಗಿಯೇ ಹೇಳಿದ್ದೇನೆ. ಅಂದು ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಮರುದಿನ ಸೊಳ್ಳೆ ಕ್ಲಾಸಿನಲ್ಲಿ ಬೇರೆ ಬೆಂಚಿಗೆ ಹೋದ. ಬೆನ್ನು ಒರಗಿಸದೆ, ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಟೀಚರ್ "ನೆಟ್ಟಗೆ ಕೂತ್ಕೋ" ಎಂದು ಎರಡು ಸಲ ಗದರಿದರು.

ಶನಿವಾರ ಮಧ್ಯಾಹ್ನ ಹುಲ್ಲು ರಿಪೇರಿ ಮಾಡುವ ಆಂಟಿ ಸ್ಕೂಟರಿನಲ್ಲಿ ಬಂದರು. ಮಂಡಿಗೆ ಪ್ಯಾಡ್ ಕಟ್ಟಿಕೊಂಡು ಕಲೆಗಳ ಪಕ್ಕ ಕೂತರು. ತಡವಿದರು, ಮೂಸಿದರು.

"ಇದನ್ನ ಸುಟ್ಟಿದ್ದು ಅಂತ ಯಾರು ಹೇಳಿದ್ದು ಸಾರ್?"

"ಪಕ್ಕದ ಮನೆ ಹುಡುಗ. ಭೂತಗನ್ನಡಿ ಹಿಡಿದು ಸುಟ್ಟಿದ್ದಾನೆ. ಅವನೇ ಒಪ್ಕೊಂಡಿದ್ದಾನೆ," ಅಂದರು ಅಪ್ಪ.

"ಭೂತಗನ್ನಡಿಯಾದ್ರೆ ಕಾಳಿನಷ್ಟು ತೂತು ಬೀಳುತ್ತೆ. ಇದು ನೋಡಿ, ಅಂಗೈ ಅಗಲ ಇದೆ. ನಾಲ್ಕೂ ಒಂದೇ ಸಾಲಲ್ಲಿವೆ." ಆಂಟಿ ತಲೆಯೆತ್ತಿ ಮಹಡಿಯ ಕಡೆ ನೋಡಿದರು. "ಆ ಕಿಟಕಿ ಗ್ಲಾಸ್ ಹೊಸದಾ?"

"ಹೋದ ತಿಂಗಳು ಹಾಕಿಸಿದ್ದು. ಒಳಗೆ ಸ್ವಲ್ಪಾನೂ ಬಿಸಿಲಿನ ಕಾವು ಬರಲ್ಲ," ಅಪ್ಪನ ದನಿಯಲ್ಲಿ ಹೆಮ್ಮೆಯಿತ್ತು.

"ಒಳಗೆ ಬರದಿದ್ದದ್ದು ಎಲ್ಲಿಗೆ ಹೋಗ್ಬೇಕು ಸಾರ್? ಮೂರು ಗಂಟೆವರೆಗೆ ಕಾಯೋಣ."

ಮೂರು ಗಂಟೆಗೆ ಸೂರ್ಯ ಮಹಡಿಯ ಗಾಜಿಗೆ ಎದುರಾದ. ಗಾಜಿನಿಂದ ಒಂದು ಬೆಳಕಿನ ಪಟ್ಟಿ ಹೊರಟು, ಅಂಗಳದಲ್ಲಿ ಸರಿಯಾಗಿ ಮೊದಲನೆಯ ಕಲೆಯ ಮೇಲೆ ಬಿತ್ತು.

"ಕೈ ಇಡು ಪುಟ್ಟಿ," ಅಂದರು ಆಂಟಿ.

ಗುಬ್ಬಿ ಇಟ್ಟಳು. ಮರುಕ್ಷಣವೇ "ಹಾ!" ಎಂದು ಎಳೆದುಕೊಂಡಳು.

"ಕಂಡಿರಾ? ಸೂರ್ಯ ಸರಿದ ಹಾಗೆ ಇದೂ ಸರಿಯುತ್ತೆ, ಅದಕ್ಕೇ ಸಾಲು. ನಾನು ಕಂಡಿದ್ದರಲ್ಲಿ ಇದು ಆರನೇ ಮನೆ. ಇದು ಯಾರೂ ಸುಟ್ಟಿದ್ದಲ್ಲ ಸಾರ್, ಕರಗಿದ್ದು. ಕಿಟಕಿಗೆ ಹೊರಗಿನಿಂದ ಒಂದು ಜಾಲರಿ ಹಾಕಿಸಿ, ಸರಿ ಹೋಗುತ್ತೆ."

ಅಪ್ಪ ಕೆಮ್ಮಿದರು. "ಆಯ್ತು, ರಿಪೇರಿ ಮಾಡಿ."

ಆಂಟಿ ಹುಲ್ಲನ್ನು ಮಗುಚಿ, ಹಿಂಬದಿಯಿಂದ ಬ್ಲೇಡ್ ಹಾಕಿ ಒಂದೊಂದೇ ಕಲೆಯನ್ನು ಕತ್ತರಿಸಿ ತೆಗೆದರು. ಮೊದಲು ಹಾಸಿದಾಗ ಉಳಿದಿದ್ದ ತುಂಡಿನಿಂದ ಅದೇ ಅಳತೆಗೆ ತೇಪೆಗಳನ್ನು ಕತ್ತರಿಸಿದರು. ಹುಲ್ಲು ಯಾವ ಕಡೆ ಬಾಗಿದೆ ಎಂದು ಸವರಿ ನೋಡಿ, ಅಗಲವಾದ ಟೇಪಿಗೆ ಗಮ್ ಸವರಿ ಅಂಟಿಸಿದರು. ಗುಬ್ಬಿಯ ಕಣ್ಣಿಗೆ ಅದೊಂದೂ ಬೀಳುತ್ತಿರಲಿಲ್ಲ. ಅವಳ ಕಿವಿಯಲ್ಲಿ ಸೊಳ್ಳೆಯ ಕಿರುಚಾಟವೇ ತುಂಬಿತ್ತು. ಹೌದು, ನಾನೇ! ಮಾಡದೇ ಇದ್ದವನು ಯಾಕೆ ಹಾಗಂದ?

ಒಳಗೆ ಅಮ್ಮ ಮೆಲ್ಲಗೆ ಹೇಳುತ್ತಿದ್ದರು. "ರೀ, ಅವರ ಮನೆಗೆ ಹೋಗಿ ಒಂದು ಮಾತು ಹೇಳಿ ಬನ್ನಿ. ಪಾಪ, ಆ ಮಗು..."

"ಹೊಡಿ ಅಂತ ನಾನು ಹೇಳಿದ್ನಾ? ಅವನ್ಯಾಕೆ ಒಪ್ಕೋಬೇಕಿತ್ತು? ಆಗಿದ್ದು ಆಯ್ತು, ಬಿಡು."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅಪ್ಪ ಹೋಗುವುದಿಲ್ಲ ಎಂದು ಗುಬ್ಬಿಗೆ ಖಾತ್ರಿಯಾಯಿತು. ಅವಳು ಚಪ್ಪಲಿ ಮೆಟ್ಟಿಕೊಂಡು ತಾನೇ ಹೊರಟಳು.

ಬಾಗಿಲು ತೆರೆದವನು ಸೊಳ್ಳೆಯೇ.

"ಏನು?"

"ಅದು... ಹುಲ್ಲು ಕರಗಿದ್ದು ಕಿಟಕಿಯಿಂದ ಅಂತೆ. ನೀನು ಸುಟ್ಟಿದ್ದಲ್ಲ."

"ನಂಗೆ ಗೊತ್ತಿಲ್ವಾ ನಾನಲ್ಲ ಅಂತ?"

"ಮತ್ತೆ ಯಾಕೆ ಹೌದು ಅಂದೆ?"

ಸೊಳ್ಳೆ ಅವಳನ್ನೇ ನೋಡಿದ. "ನೀನ್ಯಾಕೆ ನೋಡಿದ್ದೆ ಅಂದೆ?"

ಗುಬ್ಬಿಗೆ ಉತ್ತರ ಗೊತ್ತಿತ್ತು.

"ಯಾರೋ ಅದು?" ಒಳಗಿಂದ ಅವನ ಅಪ್ಪ ಬಂದರು. ಅವರು ಕೈ ಎತ್ತಿದ್ದು ಬಾಗಿಲನ್ನು ಇನ್ನಷ್ಟು ತೆರೆಯಲು, ಅಷ್ಟೇ. ಸೊಳ್ಳೆ ಚಟ್ಟನೆ ಗೋಡೆಗೆ ಸರಿದು ತಲೆ ತಗ್ಗಿಸಿದ. ಗುಬ್ಬಿ ಅದನ್ನು ನೋಡಿದಳು. ಅವಳಿಗೆ ಅಳು ಒತ್ತಿಕೊಂಡು ಬಂತು.

"ಅಂಕಲ್, ಅವನು ಸುಟ್ಟಿಲ್ಲ. ಕಿಟಕಿ ಗಾಜಿನ ಬಿಸಿಲಿಗೆ ಹುಲ್ಲು ಕರಗಿತ್ತು. ನಾನು ನೋಡೇ ಇರ್ಲಿಲ್ಲ. ಸುಳ್ಳು ಹೇಳ್ದೆ."

ಡ್ರೈವರ್ ಹುಬ್ಬು ಗಂಟಿಕ್ಕಿದರು. "ಇವನೇ ಬಾಯಿ ಬಿಟ್ಟು ಒಪ್ಕೊಂಡನಲ್ಲಮ್ಮಾ?"

"ನೀವು ಹೊಡೀತಿದ್ರಲ್ಲ ಅಂಕಲ್," ಗುಬ್ಬಿ ಬಿಕ್ಕಿದಳು. "ನಮ್ಮಪ್ಪ ಬರೀ ಕಣ್ಣು ಬಿಟ್ಟಿದ್ದಕ್ಕೇ ನಾನು ಹ್ಞೂಂ ಅಂದ್ಬಿಟ್ಟೆ."

ಸೊಳ್ಳೆಯ ಅಪ್ಪ ಮಗನ ಹೆಗಲ ಕಡೆ ಕೈ ಚಾಚಿದರು. ಅವನು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದ. ಅವರ ಕೈ ಅಲ್ಲೇ ನಿಂತಿತು.

"ನೀನು ಮನೆಗೆ ಹೋಗು," ಅಂದ ಸೊಳ್ಳೆ, ಗುಬ್ಬಿಗೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಗೆಳೆತನವೂ ಇರಲಿಲ್ಲ.

ಸಂಜೆ ಅಂಗಳದಲ್ಲಿ ಹೊಸ ಹುಲ್ಲು ಎಲ್ಲಿ, ಹಳೆಯದು ಎಲ್ಲಿ ಎಂದು ಗೊತ್ತೇ ಆಗುತ್ತಿರಲಿಲ್ಲ. ಅಪ್ಪ ಮೂರು ಸಲ ನೋಡಿ ಮೆಚ್ಚಿಕೊಂಡರು.

"ಹೋಗಿ ಅವನನ್ನ ಆಟಕ್ಕೆ ಕರಿ," ಅಂದರು ಅಮ್ಮ.

ಗುಬ್ಬಿ ಮೆಟ್ಟಿಲ ಮೇಲೆ ಕೂತೇ ಇದ್ದಳು. "ಬೇಡಮ್ಮ. ಬರೋದಾದ್ರೆ ಅವನೇ ಬರ್ಬೇಕು."

ಪಕ್ಕದ ಮನೆಯ ಬಾಗಿಲು ಮುಚ್ಚಿತ್ತು. ಕತ್ತಲಾಗುವವರೆಗೂ ಅವಳು ಅಲ್ಲೇ ಕೂತಿದ್ದಳು.