ಖಾಲಿ ಮಂಚವನ್ನು ತಟ್ಟಿ ಕರೆದದ್ದು

ಮಂಚ ಪರೀಕ್ಷಿಸುವುದರಲ್ಲಿ ನನ್ನನ್ನು ಮೀರಿಸುವ ಬಡಗಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹಸುಗೂಸು ಮೊಮ್ಮಗಳಿಗೆ ಕಟಕಟೆಯಿರುವ ಪುಟ್ಟ ಮಂಚ ಆರಿಸಲು ಮಗಳ ಜೊತೆ ಅಂಗಡಿಗೆ ಹೋದರೆ, ಅಲ್ಲಿದ್ದ ಮಂಚಗಳೆಲ್ಲ ನನ್ನ ಮುಖ ನೋಡಿಯೇ ಗಡಗಡ ನಡುಗಿದವು.

ಒಂದು ಮಾತ್ರ ಅಲುಗಲಿಲ್ಲ. ಅದರ ಸರಳುಗಳ ಸಂದಿಯಲ್ಲಿ ಮಗುವಿನ ತಲೆ ತೂರುವಂತಿರಲಿಲ್ಲ, ಅಂಚೆಲ್ಲ ನುಣುಪು, ಹಾಸಿಗೆ ಗಟ್ಟಿ. ನನ್ನ ಕೊನೆಯ ಪರೀಕ್ಷೆ ಲೋಕಪ್ರಸಿದ್ಧ: ಹಾಸಿಗೆ ತಟ್ಟಿ, ಕಣ್ಣು ಮುಚ್ಚಿ, "ಬಾ ಕಂದಾ, ಮಲಗು" ಎನ್ನುತ್ತೇನೆ. ಮರ ಕಿರುಗುಟ್ಟಬಾರದು.

"ಅಪ್ಪಾ, ಖಾಲಿ ಮಂಚಕ್ಕೆ ಯಾರನ್ನ ಕರೀತಿದೀಯಾ? ಜನ ನಗ್ತಿದಾರೆ!" ಎಂದು ಮಗಳು ಗದರಿದಳು.

ನಾನು ಕೈ ತೆಗೆದ ಮೇಲೆ ಮಂಚ ಮೆಲ್ಲಗೆ ಕಿರುಗುಟ್ಟಿತು. ನನ್ನ ಜಂಬ ಅದನ್ನು ಕೇಳಿಸಿಕೊಳ್ಳಲಿಲ್ಲ; ಅದನ್ನೇ ಕೊಂಡು ಮನೆಗೆ ತಂದೆವು.

ಮೊಮ್ಮಗಳಿಗಿನ್ನೂ ಮಗುಚಲು ಬರುವುದಿಲ್ಲ. ಆದರೂ ಮಂಚದ ನಡುವೆ ಮಲಗಿಸಿ ಬಂದರೆ, ಮತ್ತೆ ನೋಡುವಾಗ ಸರಳಿಗೆ ಒತ್ತಿಕೊಂಡಿರುತ್ತಿದ್ದಳು. ಉಳಿದರ್ಧ ಹಾಸಿಗೆಯಲ್ಲಿ ಸಣ್ಣದೊಂದು ತಗ್ಗು. ಕೈಯಿಟ್ಟರೆ ಬೆಚ್ಚಗೆ.

"ಕರೆದೋನು ನೀನು, ಬಂದು ಮಲಗಿರೋದನ್ನ ನೀನೇ ಎಬ್ಬಿಸಪ್ಪಾ" ಎಂದು ಮಗಳು ಅತ್ತಳು. ಬೀದಿಯನ್ನೇ ನಡುಗಿಸುವ ನನ್ನ ಗಂಟಲಿಂದ ಪಿಸುಮಾತಷ್ಟೇ ಹೊರಟಿತು: "ಏಳು ಕಂದಾ, ಸಾಕು."

ಆಮೇಲೆ ಆ ಮಂಚವನ್ನು ಬಿಚ್ಚಿ, ಸೀಳಿ, ಒಲೆಗೆ ಹಾಕಿದೆ. ಮಗಳು ಮಗುವನ್ನು ತನ್ನ ದೊಡ್ಡ ಹಾಸಿಗೆಯಲ್ಲಿ, ಗೋಡೆಯ ಕಡೆ, ಮಗ್ಗುಲಲ್ಲೇ ಅಪ್ಪಿಕೊಂಡು ಮಲಗಿದಳು.

ಬೆಳಿಗ್ಗೆ ಮೊಮ್ಮಗಳು ಗೋಡೆಗೆ ಒತ್ತಿಕೊಂಡಿದ್ದಳು. ನಿದ್ದೆಯಲ್ಲಿದ್ದ ಮಗಳ ತೋಳು ಇಬ್ಬರ ನಡುವಿನ ಖಾಲಿ ಜಾಗವನ್ನು ಅಪ್ಪಿಕೊಂಡು, ಮೆಲ್ಲಗೆ ತಟ್ಟುತ್ತಿತ್ತು.