ವಂಶಿಯ ಗಿಟಾರಿಗೊಂದು ಮೈಕ್

ಕೂಂ......ಯ್ಯ್!

ಕಿವಿ ಸೀಳುವ ಆ ಸದ್ದಿಗೆ ಚನ್ನರಾಯಪಟ್ಟಣದ ಕಾಲೇಜು ಸಭಾಂಗಣ ಬೆಚ್ಚಿಬಿತ್ತು. ಮುಂದಿನ ಸಾಲಿನ ಮೇಷ್ಟ್ರುಗಳು ಕಿವಿ ಮುಚ್ಚಿಕೊಂಡರು. ಹಿಂದಿನಿಂದ ಶಿಳ್ಳೆ ಬಂತು.

ಸೌಂಡ್ ಮಿಕ್ಸರ್ ಮುಂದೆ ಕೂತಿದ್ದ ಮೇಘಶ್ರೀ ತಟಕ್ಕನೆ ಗಿಟಾರಿನ ದನಿ ಏರಿಳಿಸುವ ಫೇಡರ್ ಕೆಳಗೆಳೆದು, ಕೈಗೆ ಸಿಕ್ಕ ಮೈಕಿನಲ್ಲೇ ಕೇಳಿಬಿಟ್ಟಳು.

"ಏನ್ರೀ ಅದು? ಗಿಟಾರೋ, ಸ್ಟೀಲ್ ಡಬರಿಯೋ?"

ಸಭಾಂಗಣ ಗೊಳ್ಳೆಂದಿತು!

ವೇದಿಕೆಯಲ್ಲಿ, ಫಳಫಳ ಹೊಳೆಯುವ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಯುವಕ ತಲೆಯೆತ್ತಿ ಅವಳನ್ನೇ ನೋಡಿದ. ಆ ಕಣ್ಣುಗಳಲ್ಲಿ ಕೋಪವಿರಲಿಲ್ಲ... ನೋವಿತ್ತು.

'ಅಯ್ಯೋ, ಯಾಕಾದ್ರೂ ಬಾಯಿ ಬಿಟ್ಟೆನೋ...' ಮೇಘಶ್ರೀ ತುಟಿ ಕಚ್ಚಿಕೊಂಡಳು.

ಮತ್ತೆ ಕೂಗೀತೆಂಬ ಭಯಕ್ಕೆ ಅವಳು ಆ ಫೇಡರ್ ಮೇಲೇರಿಸಲೇ ಇಲ್ಲ. ಅವನು ಒಬ್ಬನೇ ನುಡಿಸಬೇಕಿದ್ದ ಎರಡು ನಿಮಿಷ ಬಂತು, ಹೋಯಿತು. ಬೆರಳುಗಳು ಓಡಿದವು. ಯಾರಿಗೂ ಏನೂ ಕೇಳಿಸಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವನು ನೇರವಾಗಿ ಅವಳ ಬಳಿ ಬಂದ.

"ನನ್ನ ಹೆಸರು ವಂಶಿ. ಎರಡನೇ ಸಾಲಿನಲ್ಲಿ ಕೂತಿದ್ದಾರಲ್ಲ, ಅವರು ನಮ್ಮಮ್ಮ. ನಾನು ಸ್ಟೇಜ್ ಮೇಲೆ ನುಡಿಸೋದನ್ನ ಕೇಳೋಕೆ ರುದ್ರಪಟ್ಟಣದಿಂದ ಮೂರು ಬಸ್ ಬದಲಾಯಿಸಿ ಬಂದಿದ್ರು."

ಮೇಘಶ್ರೀ ಕುರ್ಚಿಯಿಂದ ಎದ್ದಳು.

"ಅದು... ಕೂಗ್ತಿತ್ತು ಕಣ್ರೀ. ಅದಕ್ಕೇ..."

"ಕೂಗಿದ್ದು ಗಿಟಾರಲ್ಲ. ನಿಮ್ಮ ಸ್ಪೀಕರ್!"

ಅಷ್ಟು ಹೇಳಿ ಅಮ್ಮನ ಕೈ ಹಿಡಿದು ಹೊರಟೇಹೋದ.

ಮೇಘಶ್ರೀ ಹೊಳೆನರಸೀಪುರದ ಹುಡುಗಿ. ಅಪ್ಪ ಚನ್ನಪ್ಪ ಗದ್ದೆಯ ಜೊತೆಗೆ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಅಂಗಡಿಯನ್ನೂ ಇಟ್ಟುಕೊಂಡಿದ್ದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮಗಳು ಮಿಕ್ಸರ್ ಮುಂದೆ ಕೂತ ಮೇಲೆ ನಾಲ್ಕು ತಾಲ್ಲೂಕಿನ ಬ್ಯಾಂಡಿನವರೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಂಥವಳಿಗೆ ಮೂರು ವಾರವಾದರೂ ಆ ನೋಟ ಮರೆಯಲಾಗಲಿಲ್ಲ.

ಒಂದು ಭಾನುವಾರ ಬೆಳಗ್ಗೆ ವಂಶಿಯ ಬ್ಯಾಂಡಿನ ಮುಖ್ಯಸ್ಥ ಅನಿಲ್‌ಕುಮಾರ್ ಅಂಗಡಿಗೆ ಬಂದ.

"ಮುಂದಿನ ಭಾನುವಾರ ಹಾಸನದಲ್ಲಿ ದೊಡ್ಡ ಪ್ರೋಗ್ರಾಂ ಮೇಡಂ. ಈ ಸಲ ತಲೆನೋವಿಲ್ಲ. ಆ ತಗಡು ಗಿಟಾರಿನೋನು ಬ್ಯಾಂಡ್ ಬಿಟ್ಟ."

ಮೇಘಶ್ರೀ ಕೈಯಲ್ಲಿದ್ದ ಕೇಬಲ್ ಕೆಳಗಿಟ್ಟಳು. "ಯಾಕೆ?"

"ನಿಮ್ ಗಿಟಾರ್ ಬೇಡ ಅಂತ ಸೌಂಡ್ ಮೇಡಂ ಹೇಳವ್ರೆ ಅಂದೆ ಅವನಿಗೆ. ನಾನೇ ಬೇಡ ಅಂದ್ರೆ ನಿಷ್ಠೂರ ಅಲ್ವಾ?" ಅನಿಲ್‌ಕುಮಾರ್ ನಕ್ಕ.

"ನನ್ ಹೆಸರು ಹೇಳಿದ್ರಾ?!" ಮೇಘಶ್ರೀ ಎದ್ದುನಿಂತಳು. "ಕೇಳಿ ಸಾ. ಆ ಗಿಟಾರ್ ಇದ್ರೆ ನಾನು ಹಾಸನಕ್ಕೆ ಬತ್ತೀನಿ. ಇಲ್ಲ ಅಂದ್ರೆ ಬೇರೆಯವರನ್ನ ನೋಡ್ಕಳಿ!"

ಅನಿಲ್‌ಕುಮಾರನ ನಗು ಅಲ್ಲೇ ನಿಂತಿತು.

ಒಳಗಿಂದ ಚನ್ನಪ್ಪ ಇಣುಕಿದರು. "ಅಂಗ್ಯಾಕವ್ವಾ ರೇಗ್ತಿದೀಯ? ಆ ಗಿಟಾರ್ ಕೂಗಿದ್ರೆ ಮರ್ಯಾದೆ ಓಗೋದು ನಮ್ದೇಯ."

"ಕೂಗದಂಗೆ ಮಾಡ್ತೀನಪ್ಪ!"

ಹೇಳಿದ್ದೇನೋ ಹೇಳಿಬಿಟ್ಟಳು. ಹೇಗೆ ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ!

ಅವತ್ತೇ ಸ್ಕೂಟಿಯೇರಿ ಹೊರಟವಳು ಅರಕಲಗೂಡು ದಾಟಿ ರುದ್ರಪಟ್ಟಣ ಮುಟ್ಟುವ ಹೊತ್ತಿಗೆ ಹನ್ನೊಂದು ಗಂಟೆ. ವಂಶಿಯ ಮನೆಯ ಮುಂದೆ ಗಾಡಿ ನಿಲ್ಲಿಸಿದವಳು ಹಾಗೇ ನಿಂತುಬಿಟ್ಟಳು.

ಜಗಲಿಯಲ್ಲಿ ವಂಶಿ ನುಡಿಸುತ್ತಿದ್ದ. ಮೈಕಿಲ್ಲ, ಸ್ಪೀಕರಿಲ್ಲ.

ತಂತಿಯ ಮೇಲೆ ಸ್ಟೀಲ್ ಕಡ್ಡಿ ಜಾರಿದಂತೆಲ್ಲ ಸ್ವರ ಬಳುಕುತ್ತಿತ್ತು. ವೀಣೆಯ ಹಾಗೆ... ಆದರೆ ವೀಣೆಯಲ್ಲ. ಯಾರೋ ತುಂಬ ಹತ್ತಿರದವರು ಹೆಸರು ಹಿಡಿದು ಕರೆದ ಹಾಗೆ!

'ಇದನ್ನಾ ನಾನು ಡಬರಿ ಅಂದಿದ್ದು...?' ಅವಳ ಕಣ್ಣು ತುಂಬಿತು.

ವಂಶಿ ನುಡಿಸುವುದನ್ನು ನಿಲ್ಲಿಸಿದ. "ನೀವಾ? ಇನ್ನೂ ಏನಾದ್ರೂ ಹೇಳೋದು ಬಾಕಿ ಇದೆಯಾ?"

"ಎರಡಿದೆ. ಒಂದು, ಅವತ್ತು ಮೈಕಲ್ಲಿ ಹಂಗಂದಿದ್ದು ತಪ್ಪು. ಎಲ್ಲರ ಮುಂದೆ ಅಂದಿದ್ದು ಇನ್ನೂ ತಪ್ಪು. ಎರಡು, ನಿಮ್ಮ ಗಿಟಾರ್ ಬೇಡ ಅಂತ ನಾನು ಯಾರಿಗೂ ಹೇಳಿಲ್ಲ. ಅನಿಲ್‌ಕುಮಾರ್ ಸುಳ್ಳು ಹೇಳಿದ್ರು. ಈ ಗಿಟಾರ್ ಇಲ್ದೆ ನಾನೂ ಹಾಸನಕ್ಕೆ ಬರಲ್ಲ ಅಂತ ಹೇಳಿ ಬಂದಿದ್ದೀನಿ."

ವಂಶಿ ಸ್ಟೀಲ್ ಕಡ್ಡಿ ಕೆಳಗಿಟ್ಟ. ಮೂರು ವಾರ ಅವನು ಸುಮ್ಮನೆ ಇವಳನ್ನು ದ್ವೇಷಿಸಿದ್ದ. ದ್ವೇಷಿಸಲು ತುಂಬ ಕಷ್ಟಪಟ್ಟಿದ್ದ ಎಂಬುದು ಅವನಿಗೆ ಮಾತ್ರ ಗೊತ್ತಿತ್ತು...

"ಬಿಸಿಲಲ್ಲಿ ನಿಂತಿದೆಯಲ್ಲೋ ಆ ಮಗು! ಬಾಮ್ಮ, ಕಾಫಿ ಕುಡಿ," ಒಳಗಿಂದ ಅವನ ಅಮ್ಮ ಚೂಡಾಮಣಿ ಕರೆದರು. "ಈ ಮನೇಲಿ ಎಲ್ಲರೂ ಹಾಡೋರೇ. ಇವನೊಬ್ಬ ಸ್ಕೂಲಲ್ಲಿ ಲೆಕ್ಕ ಹೇಳಿಕೊಟ್ಟು, ಆ ಸಂಬಳದಲ್ಲಿ ಇದನ್ನ ತಂದ. ರೆಸೊನೇಟರ್ ಗಿಟಾರ್ ಅಂತೆ!"

ಕಾಫಿ ಆರುವುದರೊಳಗೆ ಇಬ್ಬರೂ ಗಿಟಾರಿನ ಮೇಲೆ ಬಗ್ಗಿದ್ದರು. ಒಳಗೆ ತೆಳ್ಳನೆಯ ಅಲ್ಯೂಮಿನಿಯಂ ತಟ್ಟೆ, ಅದನ್ನು ಕೋನ್ ಎನ್ನುತ್ತಾರೆ. ತಂತಿಯ ಕಂಪನ ಅದಕ್ಕೆ ತಾಗಿಯೇ ದನಿ ದೊಡ್ಡದಾಗುವುದು.

"ಗೊತ್ತಾಯ್ತು!" ಮೇಘಶ್ರೀ ಚಪ್ಪಾಳೆ ತಟ್ಟಿದಳು. "ನಿಮಗೆ ಕೇಳಿಸ್ಲಿ ಅಂತ ಕಾಲ ಹತ್ರ ಒಂದು ಸ್ಪೀಕರ್ ಇಟ್ಟಿದ್ದೆ. ಅದರ ಸದ್ದಿಗೆ ಈ ತಟ್ಟೆ ಅದುರಿದೆ. ಅದನ್ನ ಮೈಕ್ ಹಿಡಿದು ಮತ್ತೆ ಸ್ಪೀಕರಿಗೆ ಕೊಟ್ಟಿದೆ. ಸುತ್ತಿ ಸುತ್ತಿ ಕೂಗಿಬಿಡ್ತು. ನೀವು ಹೇಳಿದ್ದೇ ಸರಿ ಕಣ್ರೀ... ತಪ್ಪು ನನ್ನ ಸ್ಪೀಕರಿನದೇ."

"ಗಿಟಾರಿನ ಕಂಪನ ನೇರವಾಗಿ ಹಿಡಿಯೋ ಪಿಕಪ್ ಹಾಕಿಸು ಅಂತಾರೆ ಎಲ್ಲರೂ. ಆದರೆ ಇದಕ್ಕೆ ತೂತು ಕೊರೆಯೋಕೆ ನಾನು ಬಿಡಲ್ಲ."

"ಕೊರೆಯೋದು ಬೇಡ. ಅಂಟಿಸೋ ಪಿಕಪ್ ಇದೆ. ಆದರೆ ಅದೊಂದರಲ್ಲೇ ಈ ಹೊಳಪು ಬರಲ್ಲ, ಮೈಕೂ ಬೇಕು. ನೀವು ನುಡಿಸ್ತಾ ಇರಿ."

ಅವಳು ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದನ್ನು ಗಿಟಾರಿನ ಹತ್ತಿರ ತಂದಳು. ಕೋನಿನ ನಡುವೆ ತಗಡಿನ ಸದ್ದು. ಕೆಳಗೆ ಬರೀ ಗುಂಯ್. ಇಂಚಿಂಚೇ ಸರಿಯುತ್ತ, ಕೋನಿನ ಅಂಚು ದಾಟಿ ಗಿಟಾರಿನ ಕುತ್ತಿಗೆಯ ಬಳಿ ಬಂದಾಗ...

"ಇಲ್ಲಿ!" ಪಿಸುಗುಟ್ಟಿದಳು. "ಇಲ್ಲಿದೆ ನೋಡಿ ಇದರ ದನಿ..."

ತಲೆಯೆತ್ತಿದರೆ, ಅವನ ಮುಖ ಒಂದು ಗೇಣು ದೂರದಲ್ಲಿ! ಅವನ ಬೆರಳು ತಪ್ಪು ತಂತಿ ಮೀಟಿತು. ಇಬ್ಬರೂ ಕೆಂಪಾದರು.

ಒಳಗೆ ಚೂಡಾಮಣಿಯವರು ಸುಮ್ಮನೆ ನಕ್ಕರು.

ಭಾನುವಾರ ಮಧ್ಯಾಹ್ನ, ಹಾಸನ. ಸಭಾಂಗಣದಲ್ಲಿ ಕಾಲಿಡಲೂ ಜಾಗವಿರಲಿಲ್ಲ.

ವಂಶಿಯ ಕಾಲ ಬಳಿ ಸ್ಪೀಕರ್ ಇರಲಿಲ್ಲ. ಬದಲಿಗೆ ಕಿವಿಯಲ್ಲಿ ಇಯರ್‌ಫೋನ್. ಕೋನಿನ ಅಂಚಿನಾಚೆ, ಕುತ್ತಿಗೆಯ ಬಳಿ ಕಿರುಬೆರಳಿನಷ್ಟು ಪುಟ್ಟ ಮೈಕ್. ತಂತಿ ಕೂರುವ ಕುದುರೆಗೆ ಅಂಟಿಸಿದ ಪಿಕಪ್. ಗಟ್ಟಿತನ ಪಿಕಪ್ಪಿನಿಂದ, ಹೊಳಪು ಮೈಕಿನಿಂದ... ಎರಡನ್ನೂ ಬೆರೆಸಲು ಅವಳು ಬೆಳಗಿನಿಂದ ಒದ್ದಾಡಿದ್ದಳು.

ಅವನು ಒಬ್ಬನೇ ನುಡಿಸುವ ಗಳಿಗೆ ಬಂತು. ಡ್ರಮ್ಮು, ಕೀಬೋರ್ಡು ತಣ್ಣಗಾದವು. ಅನಿಲ್‌ಕುಮಾರ್ ಕಣ್ಣು ಮುಚ್ಚಿಕೊಂಡೇ ನಿಂತಿದ್ದ.

ಮೇಘಶ್ರೀ ಫೇಡರಿಗೆ ಬೆರಳಿಟ್ಟಳು. 'ನರಸಿಂಹಸ್ವಾಮಿ, ಕಾಪಾಡಪ್ಪಾ...' ಫೇಡರ್ ಮೇಲೇರಿಸಿದಳು. ಇನ್ನೂ ಸ್ವಲ್ಪ... ಇನ್ನೂ...

ಕೂಗಲಿಲ್ಲ! ಹಾಡಿತು!

ಡ್ರಮ್ಮು ಮತ್ತೆ ಸೇರಿಕೊಂಡಿತು. ಆ ಅಬ್ಬರದ ಮೇಲೂ ಗಿಟಾರಿನ ದನಿ ತೇಲಿತು. ಕೊನೆಯ ಸಾಲಿನವರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಚೂಡಾಮಣಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅನಿಲ್‌ಕುಮಾರ್ ಹಾಡು ಮುಗಿದೊಡನೆ ವಂಶಿಯನ್ನು ತಬ್ಬಿಕೊಂಡು ಕಿವಿಯಲ್ಲಿ "ಕ್ಷಮಿಸಪ್ಪಾ" ಎಂದ.

ಎಲ್ಲ ಮುಗಿದು ಜನ ಬಾಗಿಲ ಕಡೆ ಹೊರಟರು. ವಂಶಿ ಇನ್ನೂ ಅಲ್ಲೇ ಕೂತಿದ್ದ. ಅವನ ಕಿವಿಯಲ್ಲಿ ಇಯರ್‌ಫೋನ್ ಇತ್ತು.

ಎದುರಿಗೆ ನಿಂತು ಹೇಳುವ ಧೈರ್ಯ ಮೇಘಶ್ರೀಗಿರಲಿಲ್ಲ. ತನ್ನ ಮಾತು ಅವನೊಬ್ಬನ ಕಿವಿಗೇ ಹೋಗುವ ಗುಂಡಿ ಒತ್ತಿ, ಮಿಕ್ಸರ್ ಪಕ್ಕದ ಮೈಕಿಗೆ ಬಾಯಿ ತಂದಳು.

"ವಂಶಿಯವರೇ... ತಿರುಗಬೇಡಿ. ನೀವು ನುಡಿಸೋದು ನನಗಿಷ್ಟ. ನೀವು... ನೀವೂ ಇಷ್ಟ."

ಅವನ ಬೆನ್ನು ನೆಟ್ಟಗಾಯಿತು. ಮೆಲ್ಲನೆ ಬಗ್ಗಿ, ಅವಳೊಬ್ಬಳಿಗೇ ಕೇಳಿಸುವುದೆಂದುಕೊಂಡು ಗಿಟಾರಿನ ಪುಟ್ಟ ಮೈಕಿಗೆ ತುಟಿ ತಂದು ಪಿಸುಗುಟ್ಟಿದ.

"ಮೇಘಶ್ರೀ, ನೀವು ನಮ್ಮ ಜಗಲಿಗೆ ಬಂದ ದಿನದಿಂದ ನನಗೆ ನಿದ್ದೆ ಇಲ್ಲ. ನನ್ನನ್ನ ಮದುವೆ ಆಗ್ತೀರಾ?"

ಅಯ್ಯೋ ದೇವರೇ! ಗಿಟಾರಿನ ಫೇಡರ್ ಇನ್ನೂ ಮೇಲೇ ಇತ್ತು! "ಮದುವೆ ಆಗ್ತೀರಾ" ಎಂಬ ಮಾತು ಎಂಟು ಸ್ಪೀಕರಿನಲ್ಲೂ ಮೊಳಗಿತು!

ಹೊರಟ ಜನ ನಿಂತರು. ಯಾರೋ "ಹೂಂ ಅನ್ನಮ್ಮೋ!" ಎಂದು ಕೂಗಿದರು. ಅನಿಲ್‌ಕುಮಾರ್ ಡ್ರಮ್ಮಿಗೆ ಎರಡೇಟು ಬಾರಿಸಿದ. ಕೇಬಲ್ ಸುತ್ತುತ್ತಿದ್ದ ಚನ್ನಪ್ಪ ಬಾಯಿ ತೆರೆದುಕೊಂಡು ಒಮ್ಮೆ ವಂಶಿಯನ್ನು, ಒಮ್ಮೆ ಮಗಳನ್ನು ನೋಡಿದರು.

ಚೂಡಾಮಣಿಯವರೇ ಚನ್ನಪ್ಪನವರ ಬಳಿ ನಡೆದರು. "ಗೌಡರೇ, ನಮಗಂತೂ ಹುಡುಗಿ ಒಪ್ಪಿಗೆ. ನೀವೇನಂತೀರಿ?"

"ನಾನೇನು ಏಳ್ಲಿ ತಾಯಿ? ಕೇಳಿರೋದು ಅವ್ಳನ್ನ. ಅವ್ಳು ಊಂ ಅಂದ್ರೆ ನಂದೂ ಊಂ ಕಣ್ರವ್ವಾ!"

ಮೇಘಶ್ರೀ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮೆಟ್ಟಿಲಿಳಿದು ಬಂದ ವಂಶಿ ಅವಳ ಮುಂದೆ ನಿಂತ.

"ಉತ್ತರ ಹೇಳಲ್ವಾ?"

"ಹೀಗೆ ದೂರದವರ ಥರ 'ರೀ' ಹಚ್ಚಿ ಕೇಳಿದ್ರೆ ಹೇಳಲ್ಲ..." ಬೆರಳ ಸಂದಿಯಿಂದ ನೋಡುತ್ತ ಅಂದಳು.

ಅವನು ಮೆಲ್ಲನೆ ಅವಳ ಕೈ ಸರಿಸಿದ.

"ಆಗ್ತೀಯಾ... ಮೇಘಾ?"

"ಹೂಂ," ಅಂದಳು ಮೇಘಶ್ರೀ. ಮೈಕ್ ಇಲ್ಲದಿದ್ದರೂ ಅದು ಅವನಿಗೆ ಚೆನ್ನಾಗಿಯೇ ಕೇಳಿಸಿತು.