ಅಮ್ಮ ಎತ್ತಿದ ಕೈ

ಅಮ್ಮನ ಕೈ ಮೇಲೆದ್ದಿತು.

ಮೀಟಿಂಗ್ ನಡೆಯುತ್ತಿದ್ದ ಕೋಣೆಯ ಹೊರಗೆ, ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು ನಿಂತಿದ್ದ ಸಾಸಿವೆಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ನಿಮ್ಮಮ್ಮನೇ ಕಣೇ," ಎಂದ ಪಕ್ಕದಲ್ಲಿದ್ದ ಗುಂಡ. "ಎರಡೂ ಕಡೆ ಸಮ ಆಗಿತ್ತು. ನಿಮ್ಮಮ್ಮ ಕೈ ಎತ್ತಿ ಎಲ್ಲಾ ಕೆಡಿಸಿದ್ರು."

"ನಂಗೂ ಕಣ್ಣಿದೆ. ಸುಮ್ನಿರು."

ಅವಳ ನಿಜವಾದ ಹೆಸರು ಬೇರೆ. ನೋಡಲು ಇಷ್ಟೇ ಇಷ್ಟು, ಬಿಸಿ ತಾಗಿದರೆ ಸಾಕು ಚಟಪಟ ಸಿಡಿಯುತ್ತಾಳೆ ಎಂದು ಅಪ್ಪ ಇಟ್ಟ ಹೆಸರು ಸಾಸಿವೆ.

ಅವರಿದ್ದ ಕಟ್ಟಡಕ್ಕೆ ಓನರ್ ಅಂತ ಬೇರೆ ಯಾರೂ ಇರಲಿಲ್ಲ. ಅಲ್ಲಿದ್ದವರೇ ಸೇರಿ ಸೊಸೈಟಿ ಮಾಡಿಕೊಂಡಿದ್ದರು. ಮೆಟ್ಟಿಲು ಗುಡಿಸುವುದು, ನೀರಿನ ಟ್ಯಾಂಕ್ ತೊಳೆಯುವುದು ಎಲ್ಲವೂ ಸರದಿಯ ಮೇಲೆ. ಏನೇ ತೀರ್ಮಾನವಾಗಬೇಕಿದ್ದರೂ ಮೀಟಿಂಗ್, ಮನೆಗೊಂದು ಓಟು. ಈ ವರ್ಷ ಅಮ್ಮ ಅಧ್ಯಕ್ಷೆ. ಓಟು ಸಮವಾದರೆ ಮಾತ್ರ ಅಧ್ಯಕ್ಷೆ ಕೈ ಎತ್ತಬೇಕು.

ಇವತ್ತು ಎತ್ತಿದ್ದಳು. ಕೆಳಗಿನ ಹಾಲ್ ಮಕ್ಕಳ ಕೈತಪ್ಪಿ ಹೋಗಿತ್ತು.

ಹಾಲ್ ಎಂದರೆ ಬರೀ ಹಾಲ್ ಅಲ್ಲ. ಅಲ್ಲಿ ಕೇರಂ ಬೋರ್ಡ್ ಇತ್ತು. ಹಳೆಯ ಬಾಗಿಲೊಂದನ್ನು ಇಟ್ಟಿಗೆಗಳ ಮೇಲೆ ಮಲಗಿಸಿ ಮಾಡಿದ ಟೇಬಲ್ ಟೆನಿಸ್ ಟೇಬಲ್ ಇತ್ತು. ರಜೆಯಲ್ಲಿ ಮಕ್ಕಳೇ ಬಣ್ಣ ಬಳಿದ ಗೋಡೆಯ ಮೇಲೆ ಒಂದು ತಿಮಿಂಗಿಲವಿತ್ತು. ಅದಕ್ಕೆ ಕಣ್ಣು ಬರೆದವಳು ಜಡೆ, ಸಾಸಿವೆಯ ಪ್ರಾಣದ ಗೆಳತಿ.

ಹಾಲ್ ಹೋಗುತ್ತಿದ್ದುದೂ ಜಡೆಯ ಮನೆಯವರಿಗೇ. ಅವಳ ಅಪ್ಪ ಎಲೆಕ್ಟ್ರಿಷಿಯನ್. ಮಕ್ಕಳಿಗೆಲ್ಲ ಕರೆಂಟ್ ಮಾವ. ಕೆಲಸದ ಜಾಗದಲ್ಲಿ ಏಣಿಯಿಂದ ಬಿದ್ದ ಮೇಲೆ ಅವರ ಕಾಲುಗಳಿಗೆ ಸ್ವಾಧೀನವಿರಲಿಲ್ಲ. ಮನೆ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಅವರ ಮನೆಯನ್ನು ಬಾಡಿಗೆಗೆ ಕೊಟ್ಟು, ಆ ದುಡ್ಡಿನಲ್ಲಿ ಹಾಲ್‌ನಲ್ಲೇ ಅಡುಗೆಮನೆ, ಬಾತ್‌ರೂಮ್ ಕಟ್ಟಿಸಿಕೊಡುವುದೆಂದು ಮೀಟಿಂಗ್‌ನಲ್ಲಿ ತೀರ್ಮಾನವಾಗಿತ್ತು.

ಮನೆಗೆ ಬಂದ ಅಮ್ಮ ಚಪ್ಪಲಿ ಬಿಡುವ ಮೊದಲೇ ಸಾಸಿವೆ ಸಿಡಿದಳು.

"ಕೆಳಗಡೆ ಅಷ್ಟೊಂದು ಮನೆ ಇದೆಯಲ್ಲ. ಅವ್ರಲ್ಲಿ ಯಾರಾದ್ರೂ ಮೇಲಕ್ಕೆ ಹೋಗ್ಲಿ."

"ಕೇಳ್ದೆ ಕಣೇ. ಎಲ್ಲರ ಮನೆ ಬಾಗಿಲಿಗೂ ಹೋಗಿ ಕೇಳ್ದೆ. ಒಬ್ಬರಿಗೆ ಮಂಡಿ ನೋವಂತೆ. ಇನ್ನೊಬ್ಬರು ಈಗಷ್ಟೇ ಟೈಲ್ಸ್ ಹಾಕಿಸಿದಾರಂತೆ."

"ಅಂದ್ರೆ ಅವರು ಅವರದ್ದು ಬಿಟ್ಟುಕೊಡಲ್ಲ. ನಮ್ಮದಾದ್ರೆ ಎತ್ತಿ ಕೊಟ್ಬಿಡ್ತಾರೆ. ನಮ್ಮನ್ನ ಯಾಕೆ ಕೇಳ್ಲಿಲ್ಲ?"

ಅಮ್ಮ ಚಪ್ಪಲಿ ಬಿಟ್ಟಳು. ಆಮೇಲೆ, "ಮಕ್ಕಳಿಗೆ ಓಟಿಲ್ವಲ್ಲೇ," ಎಂದಳು.

ಸಾಸಿವೆಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಸ್ಕೂಲಿಂದ ಬಂದವಳೇ ಬ್ಯಾಗ್ ಬಿಸಾಡಿ, ಗುಂಡನನ್ನೂ ಉಳಿದ ಮಕ್ಕಳನ್ನೂ ಕೂಡಿಸಿಕೊಂಡು ಹಾಲ್‌ಗೆ ನುಗ್ಗಿದಳು. ಒಳಗಿಂದ ಚಿಲಕ ಬಿತ್ತು. ಕೇರಂ ಬೋರ್ಡ್ ಬಾಗಿಲಿಗೆ ಅಡ್ಡ ನಿಂತಿತು.

"ತೆಗೀರೋ, ಗಾರೆ ಕೆಲಸದವರು ಅಳತೆ ತಗೊಳ್ಳೋಕೆ ಬಂದಿದಾರೆ," ಹೊರಗಿನಿಂದ ಯಾರೋ ಕೂಗಿದರು.

"ಮೊದ್ಲು ಮೀಟಿಂಗ್ ಕರೀರಿ. ನಮಗೂ ಓಟು ಬೇಕು," ಎಂದಳು ಸಾಸಿವೆ.

ದೊಡ್ಡವರು ಗದರಿದರು, ರಮಿಸಿದರು, ಕೊನೆಗೆ ಬೇಸತ್ತು ಹೋದರು. ಒಳಗೆ ಗುಂಡ ಹೊಟ್ಟೆ ಸವರಿಕೊಂಡ.

"ನಂಗೆ ಹಸಿವಾಗ್ತಿದೆ."

"ಹೋರಾಟ ಮಾಡೋವಾಗ ಹಸಿವಾಗಲ್ಲ."

"ನಂಗಾಗುತ್ತೆ," ಎಂದವನೇ ಕೇರಂ ಬೋರ್ಡ್ ಸರಿಸಿ, ಚಿಲಕ ತೆಗೆದು ಹೊರಗೆ ಜಾರಿಕೊಂಡ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಸಾಸಿವೆ ಒಬ್ಬಳೇ ಮತ್ತೆ ಚಿಲಕ ಹಾಕಿ, ಬೋರ್ಡ್ ಅಡ್ಡ ಇಟ್ಟು ಕೂತಳು.

ಬಾಗಿಲು ಬಡಿದ ಸದ್ದಾಯಿತು. "ನಾನು, ಜಡೆ. ತೆಗಿ."

"ಹೋಗೇ. ನಿಂಗೆ ಖುಷಿ ತಾನೆ? ದೊಡ್ಡ ಹಾಲ್ ಸಿಕ್ತು."

ಬಾಗಿಲಿಗೆ ಧಡ್ಡೆಂದು ಗುದ್ದು ಬಿತ್ತು.

"ಖುಷಿನಾ? ನಂಗೆ ಈ ಹಾಲ್ ಬೇಡ. ಇವತ್ತು ಸ್ಕೂಲ್ ವ್ಯಾನ್‌ನಲ್ಲಿ ನನ್ ಪಕ್ಕ ಯಾರೂ ಕೂರಲಿಲ್ಲ, ನೀನೂ ಕೂರಲಿಲ್ಲ. ನನ್ನನ್ನೇನು ಕೇಳಿ ಮಾಡಿದ್ರಾ?" ಜಡೆ ಕೂಗಿದಳು. "ಆಸ್ಪತ್ರೆಗೆ ಹೋಗೋ ದಿನ ಅಪ್ಪನ್ನ ಕುರ್ಚಿ ಸಮೇತ ಹೊತ್ತು ಇಳಿಸ್ತಾರಲ್ಲ, ಆಗ ಅಪ್ಪ ಕಣ್ಣು ಮುಚ್ಕೊಂಡಿರ್ತಾರೆ. ನೋಡಿದೀಯಾ?"

ಸಾಸಿವೆ ನೋಡಿದ್ದಳು. ಪ್ರತಿ ಸಲವೂ ಎಲ್ಲ ಮಕ್ಕಳ ಜೊತೆ ಮೆಟ್ಟಿಲ ಕೆಳಗೆ ನಿಂತು ನೋಡಿದ್ದಳು.

"ನಿದ್ದೆ ಬಂದಿರುತ್ತೆ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ.

"ನಿದ್ದೆ ಅಲ್ಲ. ನೀವೆಲ್ಲ ನೋಡ್ತಿರ್ತೀರಲ್ಲ, ಅದಕ್ಕೆ."

ಸಾಸಿವೆ ಕೇರಂ ಬೋರ್ಡ್ ಸರಿಸಿದಳು. ಚಿಲಕ ತೆಗೆದಳು. ಇಬ್ಬರೂ ಮುಖ ಊದಿಸಿಕೊಂಡು ಎದುರುಬದುರು ನಿಂತರು.

"ನಂಗೆ ಕೋಪ ನಿನ್ ಮೇಲಲ್ಲ," ಎಂದಳು ಸಾಸಿವೆ.

"ಮತ್ತೆ ಯಾರ ಮೇಲೆ?"

"ಟೈಲ್ಸ್ ಹಾಕಿಸಿದೋರ ಮೇಲೆ."

ಜಡೆಗೆ ನಗು ಬಂತು. ಆದರೂ ನಗಲಿಲ್ಲ.

ಆ ಸಂಜೆ ಅಮ್ಮ ಸಾಸಿವೆಯ ಪಕ್ಕ ಬಂದು ಕೂತಳು. "ನಿಮ್ಮನ್ನ ಕೇಳ್ಬೇಕಿತ್ತು. ನಾನೇ ಬಂದು ಕೇಳ್ಬೇಕಿತ್ತು."

"ಕೇಳಿದ್ರೆ ನಾನು ಬೇಡ ಅಂತಿದ್ದೆ."

"ಅಂದಿದ್ರೂ ಕೇಳ್ಬೇಕಿತ್ತು."

ಸಾಸಿವೆಯ ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೆ ಅಮ್ಮನ ಪಕ್ಕದಿಂದ ಎದ್ದೂ ಹೋಗಲಿಲ್ಲ.

ಹಾಲ್‌ನ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ ಆಸ್ಪತ್ರೆಯ ದಿನ ಬಂತು. ಮೇಲಿನಿಂದ "ನಿಧಾನ, ನಿಧಾನ" ಎನ್ನುವ ಸದ್ದು ಕೇಳಿದ್ದೇ ತಡ, ಮಕ್ಕಳೆಲ್ಲ ಎಂದಿನಂತೆ ಮೆಟ್ಟಿಲ ಬುಡಕ್ಕೆ ಓಡಿಬಂದರು.

"ಬನ್ನಿ, ಎಲ್ಲರೂ ಹಿಂದುಗಡೆ ಹೋಗೋಣ," ಎಂದಳು ಸಾಸಿವೆ.

"ಯಾಕೆ?"

"ಸುಮ್ನೆ ಬಾರೋ," ಎಂದು ಗುಂಡನ ಬೆನ್ನಿಗೆ ಕೈ ಕೊಟ್ಟು ತಳ್ಳಿದಳು. ಅವನ ಜೊತೆ ಉಳಿದವರೂ ಹೋದರು. ಅವಳಿಗೆ ಮಾತ್ರ ಹೋಗಲು ಸಮಯ ಸಿಗಲಿಲ್ಲ. ಕುರ್ಚಿ ಆಗಲೇ ಕೊನೆಯ ತಿರುವಿಗೆ ಬಂದಿತ್ತು. ಸಾಸಿವೆ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು.

ಹೊತ್ತವರ ಏದುಸಿರು, ಕುರ್ಚಿಯ ಕಿರ್ ಕಿರ್ ಅವಳ ಬೆನ್ನ ಹಿಂದೆ ಹಾದುಹೋದವು.

"ಏನ್ ಸಾಸಿವೆ," ಕರೆಂಟ್ ಮಾವನ ದನಿ ಕೇಳಿತು. "ಗೋಡೇಲಿ ಏನಿದೆ?"

ಮಾವ ಕಣ್ಣು ಬಿಟ್ಟಿದ್ದಾರೆ ಎಂದು ಅವಳಿಗೆ ಹೊಳೆಯಿತು.

"ಏನಿಲ್ಲ ಮಾವ," ಎಂದಳು ಅವಳು, ತಿರುಗದೆಯೇ.